ಅಜ್ಜಿಯ ಮೂಗಿಗೆ ಇಟ್ಟ ಪರೀಕ್ಷೆ

ನಮ್ಮ ಮನೆಯ ಜಗಲಿಯಲ್ಲಿ ಒಂದು ಗೋಡೆ ಗಡಿಯಾರ ಇತ್ತು, ಅದನ್ನು ಯಾರೂ ನಂಬುತ್ತಿರಲಿಲ್ಲ. ನಾವು ನಂಬುತ್ತಿದ್ದದ್ದು ಹಟ್ಟಿಯ ಹಿಂದಿನ ಗೋಬರ್ ಗ್ಯಾಸಿನ ಡ್ರಮ್ಮನ್ನು. ಬೆಳಿಗ್ಗೆ ಅದು ಸೆಗಣಿಯ ಹೊಂಡದಿಂದ ಹೊಟ್ಟೆ ಉಬ್ಬಿಸಿಕೊಂಡು ಮೇಲೆ ಬಂದಿದ್ದರೆ ಕುಚ್ಚಲಕ್ಕಿ ಅನ್ನ ಬೇಯುತ್ತದೆ, ಅಮ್ಮನಿಗೆ ಬಸ್ಸು ಸಿಗುತ್ತದೆ, ಅಪ್ಪ ಪಿಕಪ್ ಸ್ಟಾರ್ಟ್ ಮಾಡುವಾಗ ಹಾಡು ಗುನುಗುತ್ತಾರೆ. ಡ್ರಮ್ ಕೆಳಗೆ ಕೂತಿದ್ದರೆ ಆ ದಿನ ಯಾರಿಗೂ ಯಾರೂ ಆಗುವುದಿಲ್ಲ. ಹಾಗಾಗಿ ಎದ್ದ ಕೂಡಲೇ ಹಿತ್ತಿಲಿಗೆ ಓಡಿ ಡ್ರಮ್ ನೋಡಿ ಬರುವುದು ನನ್ನ ಕೆಲಸ. ಬಾಯಲ್ಲಿ ಹೇಳುವ ಅಭ್ಯಾಸ ನನಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆನ್ನೆ ಉಬ್ಬಿಸಿದರೆ ಗ್ಯಾಸ್ ತುಂಬಿದೆ ಎಂದರ್ಥ, ಕುಕ್ಕರುಗಾಲಲ್ಲಿ ಕೂತು ನಾಲಿಗೆ ಹೊರಗೆ ಹಾಕಿದರೆ ಖಾಲಿ. ನಾನು ಎಲ್ಲವನ್ನೂ ಅಣಕಿಸುತ್ತಿದ್ದೆ. ಪಿಕಪ್ಪಿನ ರಿವರ್ಸ್ ಹಾರ್ನ್, ಕರು ಹಾಕುವ ಮೊದಲು ದನ ನರಳುವ ಬಗೆ, ಪಕ್ಕದ ಮನೆಯ ಲೂಸಿ ಚೇಚಿ ಮಲಯಾಳದ ರಾಗದಲ್ಲಿ ಕನ್ನಡ ಎಳೆಯುವುದು, ಯಾವುದೂ ನನ್ನಿಂದ ತಪ್ಪಿಸಿಕೊಂಡಿರಲಿಲ್ಲ. ಎದುರಿಗೆ ಒಂದು ಮೋರೆ ಬಂದರೆ ನನ್ನ ಮೋರೆಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಇವತ್ತು ಮದುವೆ ರಿಸೆಪ್ಶನ್ನುಗಳಲ್ಲಿ ಮೈಕ್ ಹಿಡಿದು ಮದುಮಗನ ಮಾವನನ್ನು ಅಣಕಿಸಿ ಊಟ ಸಂಪಾದಿಸುವವನಿಗೆ ಅದು ವಿದ್ಯೆ. ಆಗ ಅದು ಬರೀ ತುರಿಕೆ.

ಅಜ್ಜಿ ಕೇಳುವುದಿತ್ತು:

"ನಿಂಗೆ ಸ್ವಂತ ಮೋರೆ ಅಂತ ಒಂದು ಉಂಟಾ ಮಾರಾಯ, ಅಲ್ಲ ಎಲ್ಲ ಬಾಡಿಗೆಯದ್ದಾ?"

ಕಡಬ ಪೇಟೆ ಮುಗಿದು ರಸ್ತೆ ತಿರುಗುವಲ್ಲಿ, ಎತ್ತರದ ದರೆಯ ಮೇಲೆ ನಮ್ಮ ಮನೆ. ಲಾರಿ ಹೋದರೆ ಅಡುಗೆಮನೆಯ ಲೋಟಗಳು ಮಾತಾಡಿಕೊಳ್ಳುತ್ತಿದ್ದವು. ಆ ಮನೆಯಲ್ಲಿ ಒಬ್ಬರಿಗೂ ಒಂದು ಕಡೆ ಕೂತು ಗೊತ್ತಿರಲಿಲ್ಲ. ಅಪ್ಪ ಪಿಕಪ್ಪಿನಲ್ಲಿ ಸಿಮೆಂಟು, ಹಿಂಡಿ, ಮದುವೆಯ ಕುರ್ಚಿ ಎಂದು ಊರೆಲ್ಲ ಸುತ್ತುವವರು. ಎಲ್ಲಿ ಲೋಡ್ ಇಳಿಸಿದರೂ ಅಲ್ಲಿಂದ ಒಂದು ಐಡಿಯಾ ಹೇರಿಕೊಂಡು ಬರುತ್ತಿದ್ದರು. ಅಮ್ಮ ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಕಲಿಸುವವರು. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಸೆರಗಿನ ಪಿನ್, ಬಾಯಲ್ಲಿ ಇಂಗಾಲದ ಚಕ್ರ. ಅಜ್ಜಿ, ಅಂದರೆ ಅಪ್ಪನ ಅಮ್ಮ, ಕೂತಲ್ಲೇ ಓಡಾಡುವವರು. ಅವರ ಮೂಗು ಯಾವಾಗಲೂ ಬೇರೆ ಯಾವುದೋ ಕೋಣೆಯಲ್ಲಿ ಇರುತ್ತಿತ್ತು. ಹಾಲು ಉಕ್ಕುವ ಮೊದಲೇ "ಸುಮತೀ, ಹಾಲು" ಎಂದು ಜಗಲಿಯಿಂದ ಅಮ್ಮನಿಗೆ ಕೂಗುತ್ತಿದ್ದರು. ಮೀನು ಮಾರುವವನ ಸ್ಕೂಟರ್ ತಿರುವಿಗೆ ಬರುವ ಮೊದಲೇ ಇವತ್ತು ಬಂಗುಡೆಯೋ ಬೂತಾಯಿಯೋ ಎಂದು ಹೇಳುತ್ತಿದ್ದರು. ಆ ಮೂಗಿಗೆ ಮನೆಯಲ್ಲಿ ಎದುರಿಲ್ಲ.

ಹಟ್ಟಿಯಲ್ಲಿದ್ದ ಮುದಿ ದನ ಕಪ್ಪಿ ಸತ್ತದ್ದೇ ಮನೆಯ ತಾಳ ತಪ್ಪಿತು. ಉಳಿದ ದನಗಳ ಸೆಗಣಿ ಸಾಲಲಿಲ್ಲ. ಕುಚ್ಚಲಕ್ಕಿ ಅರ್ಧ ಬೆಂದಾಗ ಬೆಂಕಿ ನೀಲಿಯಿಂದ ಹಳದಿಯಾಗಿ, ನಾಲ್ಕು ಸಲ ಕೆಮ್ಮಿ, ಆರುತ್ತಿತ್ತು. ಅಮ್ಮ ಬಸ್ಸಿನ ಹೊತ್ತಿಗೆ ಕಟ್ಟಿಗೆ ಒಲೆ ಊದಬೇಕಾಯಿತು. ಅಮ್ಮನಿಗೆ ಹೊಗೆ ಆಗುವುದಿಲ್ಲ. ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದ ಸದ್ದು ಬರುತ್ತದೆ, ಮಾತು ಅರ್ಧಕ್ಕೆ ನಿಲ್ಲುತ್ತದೆ. ನಾನು ಒಮ್ಮೆ ಆ ಪೀಪಿಯನ್ನೂ ಅಣಕಿಸಿದೆ. ಅಜ್ಜಿ ಊದುಕೊಳವೆಯಲ್ಲೇ ಕಾಲಿಗೆ ಬಿಟ್ಟರು. ಪೇಟೆಯಿಂದ ಸಿಲಿಂಡರ್ ತರಬಹುದಿತ್ತು. ಆದರೆ ಅಪ್ಪನ ಲೆಕ್ಕದಲ್ಲಿ ಹಿತ್ತಿಲಲ್ಲಿ ಗ್ಯಾಸ್ ಇಟ್ಟುಕೊಂಡು ಅಂಗಡಿಯಿಂದ ಗ್ಯಾಸ್ ತರುವುದೆಂದರೆ ಬಾವಿಕಟ್ಟೆಯಲ್ಲಿ ಕೂತು ಬಾಟಲಿ ನೀರು ಕುಡಿದ ಹಾಗೆ. ಆ ವಾರವೇ ಅವರು ಸಂಪಾಜೆಯ ಒಂದು ಮನೆಗೆ ಟೈಲ್ಸ್ ಇಳಿಸಲು ಹೋದರು. ತಿರುಗಿ ಬಂದಾಗ ಪಿಕಪ್ ನಿಲ್ಲುವ ಮೊದಲೇ ಅಪ್ಪ ಇಳಿದಿದ್ದರು.

"ಅಲ್ಲಿ ಕಕ್ಕಸಿನ ಪೈಪನ್ನು ಸೀದಾ ಗ್ಯಾಸಿನ ಹೊಂಡಕ್ಕೇ ಕೊಟ್ಟಿದ್ದಾರೆ ಮಾರಾಯ್ತಿ! ಬೆಂಕಿ ನೋಡ್ಬೇಕು ನೀನು, ಇಷ್ಟೆತ್ತರ!"

"ಆಗ್ತದೆ," ಎಂದರು ಅಮ್ಮ, ಎದೆ ಉಜ್ಜಿಕೊಳ್ಳುತ್ತ. "ಪಾಠದಲ್ಲಿಯೂ ಉಂಟು."

"ಯಾವ ಪಾಠದಲ್ಲಿ ಉಂಟು?" ಒಳಗಿನಿಂದ ಅಜ್ಜಿ. "ಆ ಪುಸ್ತಕವನ್ನೂ ಅದೇ ಹೊಂಡಕ್ಕೆ ಹಾಕಿ."

ಪೈಪು ಬಂತು. ಡ್ರಮ್ ಎದ್ದಿತು. ಅಪ್ಪನಿಗೆ ಹೊಸ ಹುಚ್ಚು ಹಿಡಿಯಿತು. ಕಕ್ಕಸಿಗೆ ಫಿನಾಯಿಲ್ ಹಾಕುವ ಹಾಗಿಲ್ಲ, ಹೊಂಡದೊಳಗೆ ಗ್ಯಾಸ್ ಮಾಡುವ ಹುಳಗಳು ಸಾಯುತ್ತವೆ. ಶಾಲೆಗೆ ಹೋಗುವ ಮೊದಲು ನಾನು ಮನೆಯಲ್ಲೇ ಮುಗಿಸಿಕೊಂಡು ಹೋಗಬೇಕು, ಮನೆಯದ್ದು ಹೊರಗೆ ಹೋಗಿ ದಂಡ ಆಗಬಾರದು. ನೆಂಟರು ಬಂದು ಚಾ ಕುಡಿದು ಏಳುವಾಗ "ಕೂತ್ಕೊಳ್ಳಿ, ಟಾಯ್ಲೆಟ್ ಉಂಟು, ನೋಡ್ಬಹುದಲ್ಲ" ಎಂದು ಒತ್ತಾಯಿಸುತ್ತಿದ್ದರು, ಊಟಕ್ಕೆ ಒತ್ತಾಯಿಸಿದ ಹಾಗೆ. ನಾನು ಅದನ್ನು ಶಾಲೆಯಲ್ಲಿ ಮಾಡಿ ತೋರಿಸಿದೆ. ಆಮೇಲೆ ಮೂತ್ರ ವಿರಾಮದಲ್ಲಿ ಇಡೀ ಕ್ಲಾಸು ನನ್ನನ್ನು "ಮನೆಗೆ ತಕೊಂಡು ಹೋಗ್ತೀಯಾ?" ಎಂದು ಬೀಳ್ಕೊಡುತ್ತಿತ್ತು. ಬೇರೆಯವರಿಗೆ ಇಟ್ಟ ಬಲೆಗೆ ನಾನೇ ಸಿಕ್ಕಿಕೊಳ್ಳುವುದು ನನಗೆ ಹೊಸತಲ್ಲ.

ಅಜ್ಜಿ ಅಡುಗೆಮನೆ ಬಿಟ್ಟರು. ಬಚ್ಚಲಿನ ಹೊರಗೆ ಮೂರು ಕಲ್ಲಿಟ್ಟು, ತಮ್ಮ ಗಂಜಿ, ತಮ್ಮ ಚಾ, ಎಲ್ಲ ಅಲ್ಲೇ. ಮನೆ ಒಂದು, ಒಲೆ ಎರಡು. ಗಾಳಿಗೆ ಮಾತ್ರ ಈ ಪಾಲುಪಟ್ಟಿ ಗೊತ್ತಿರಲಿಲ್ಲ. ಅಜ್ಜಿಯ ಒಲೆಯ ಹೊಗೆ ಸೀದಾ ಅಮ್ಮ ಮಲಗುವ ಕೋಣೆಯ ಕಿಟಕಿಗೆ ಬರುತ್ತಿತ್ತು, ಪೀಪಿ ಮತ್ತೆ ಶುರುವಾಗುತ್ತಿತ್ತು. ಒಂದು ಭಾನುವಾರ ಅಮ್ಮ ತಡೆಯಲಾರದೆ ಅಜ್ಜಿಯ ಒಲೆಯಿಂದಲೇ ಒಂದು ಮಸಿ ತುಂಡು ತೆಗೆದು ಸಿಮೆಂಟು ನೆಲದಲ್ಲಿ ಬಾಣ ಹಾಕುತ್ತ ಚಿತ್ರ ಬರೆದರು. ಹುಲ್ಲು, ಹುಲ್ಲಿನಿಂದ ದನ, ದನದಿಂದ ಸೆಗಣಿ, ಸೆಗಣಿಯಿಂದ ಗ್ಯಾಸ್, ಗ್ಯಾಸ್ ಉರಿದು ಗಾಳಿಗೆ, ಗಾಳಿಯಿಂದ ಮತ್ತೆ ಹುಲ್ಲಿಗೆ. ಹೊಂಡದಿಂದ ಹೊರಬರುವ ಗೊಬ್ಬರದ ನೀರು ಹಾಗಲದ ಬಳ್ಳಿಗೆ, ಹಾಗಲ ನಮಗೆ, ನಾವು ಪೈಪಿಗೆ.

"ಹೊಸತಾಗಿ ಯಾವುದೂ ಬರುದಿಲ್ಲ ಅತ್ತೆ, ಯಾವುದೂ ಹೋಗುದೂ ಇಲ್ಲ. ಇದ್ದದ್ದೇ ಸುತ್ತುದು. ಸೆಗಣಿಯಾದರೂ ಅದೇ, ನಮ್ಮದಾದರೂ ಅದೇ."

ಅಜ್ಜಿ ಸೊಂಟಕ್ಕೆ ಕೈಕೊಟ್ಟು ಬಾಣಗಳ ಹಿಂದೆಯೇ ಒಂದು ಸುತ್ತು ನಡೆದರು.

"ಇದರಲ್ಲಿ ನಿನ್ನ ಮಾವ ಎಲ್ಲಿದ್ದಾರೆ?"

ಅಜ್ಜ ತೀರಿಹೋದದ್ದು ನಾನು ಹುಟ್ಟುವ ಮೊದಲು. ಅಮ್ಮ ಸ್ವಲ್ಪ ತಡವರಿಸಿದರು. ಆದರೆ ಟೀಚರು, ಪ್ರಶ್ನೆ ಬಂದರೆ ಉತ್ತರ ಕೊಡದೆ ಬಿಡುವವರಲ್ಲ.

"ಅವರೂ ಇದ್ದಾರೆ. ಗುಡ್ಡೆಯಲ್ಲಿ ಸುಟ್ಟದ್ದಲ್ವಾ? ಹೊಗೆ ಗಾಳಿಗೆ ಸೇರಿತು, ಬೂದಿ ಮಣ್ಣಿಗೆ. ಆ ಗುಡ್ಡೆಯ ಹುಲ್ಲನ್ನೇ ಅಲ್ವಾ ದನಕ್ಕೆ ತರುದು..."

"ಹಾಗಾದರೆ," ಎಂದರು ಅಜ್ಜಿ, ಬಹಳ ನಿಧಾನವಾಗಿ, "ಆಟಿಯಲ್ಲಿ ಅವರನ್ನೇ ಬೇಯಿಸಿ ಅವರಿಗೇ ಬಡಿಸುದಾ?"

ನನಗೆ ನಗು ಬಂತು. ಅಪ್ಪನಿಗೂ ಬಂದದ್ದು ಅವರು ಒಮ್ಮೆಗೇ ಟಯರ್ ನೋಡಲು ಹೊರಟದ್ದರಿಂದ ಗೊತ್ತಾಯಿತು. ಆದರೆ ಅಜ್ಜಿ ನಗಲಿಲ್ಲ. ಆಟಿ ಹತ್ತಿರ ಬಂದಿತ್ತು. ಆಟಿ ತಿಂಗಳಲ್ಲಿ ಒಂದು ದಿನ ತೀರಿಹೋದವರಿಗೆ ಎಲೆ ಹಾಕಿ ಬಡಿಸುವುದು ನಮ್ಮಲ್ಲಿ ಇದೆ. ಕೋಳಿಸಾರು, ರೊಟ್ಟಿ, ಸತ್ತವರಿಗೆ ಇಷ್ಟವಿದ್ದದ್ದು ಏನಿದೆಯೋ ಅದು.

"ಈ ವರ್ಷ ಅವರಿಗೆ ಕೊಲ್ಲಮೊಗ್ರಿನಲ್ಲಿ ಬಡಿಸುದು. ಮಗಳ ಮನೆಯಲ್ಲಿ. ನಾನೂ ಇನ್ನು ಅಲ್ಲೇ ಇರುದು."

ಅಪ್ಪ ಟಯರಿನ ಹತ್ತಿರ ಬಗ್ಗಿದ್ದವರು ಏಳಲಿಲ್ಲ. ಅಜ್ಜಿ ಎರಡು ದಿನ ಮುನಿಸಿಕೊಂಡು ಕೊಲ್ಲಮೊಗ್ರಿನ ನನ್ನ ಅತ್ತೆಯ ಮನೆಗೆ ಹೋಗಿ ಬರುವುದು ಬೇರೆ. ಬಡಿಸುವುದೇ ಬೇರೆ ಮನೆಗೆ ಹೋಯಿತೆಂದರೆ ನಮ್ಮ ಮನೆಗೆ ಹಿರಿಯರೆಂಬುವವರು ಇಲ್ಲ, ಬದುಕಿದವರೂ ಇಲ್ಲ, ಸತ್ತವರೂ ಇಲ್ಲ. ಪೈಪು ಕಿತ್ತರೆ ಅಮ್ಮನ ಎದೆ, ಬಿಟ್ಟರೆ ಅಪ್ಪನ ಅಮ್ಮ. ಆ ದಿನಗಳಲ್ಲಿ ಅಪ್ಪ ಊಟ ಮಾಡುತ್ತಲೂ ನಡೆಯುತ್ತಿದ್ದರು. ನಾನು ಬಟ್ಟಲು ಹಿಡಿದು ಅವರ ಹಿಂದೆಯೇ ನಡೆಯುತ್ತಿದ್ದೆ. ಅಣಕಕ್ಕಲ್ಲ ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಕೊನೆಗೆ ಅಪ್ಪನೇ ದಾರಿ ಹುಡುಕಿದರು.

"ಅಮ್ಮ, ಆ ಬೆಂಕಿಯಲ್ಲಿ ಮಾಡಿದ್ದಕ್ಕೆ ವಾಸನೆ ಬರ್ತದೆ ಅಂತ ಹೇಳ್ತಿ ಅಲ್ವಾ? ಚಾ ಕೊಟ್ಟರೆ ಯಾವುದು ಯಾವ ಬೆಂಕಿಯದ್ದು ಅಂತ ಹೇಳ್ತಿಯಾ?"

"ಹೇಳದೆ ಎಂತ? ಮೂಗು ಇರುದು ಮೂಗುತಿ ಹಾಕಲಿಕ್ಕೆ ಮಾತ್ರವಾ?"

ಹೇಳಿದರೆ ಪೈಪು ಕಡಿಯುವುದು, ಹೇಳಲು ಆಗದಿದ್ದರೆ ಆಟಿ ಇಲ್ಲೇ, ಇದೇ ಬೆಂಕಿಯಲ್ಲಿ. ಇಬ್ಬರೂ ಒಪ್ಪಿದರು. ಅಪ್ಪ ಆಗಲೇ ಒಂದು ಚಾ ಅಜ್ಜಿಯ ಕಟ್ಟಿಗೆ ಒಲೆಯಲ್ಲಿ, ಒಂದು ಗ್ಯಾಸಿನಲ್ಲಿ ಮಾಡಿ ತಂದರು. ಅಜ್ಜಿ ಲೋಟ ಮೂಗಿನವರೆಗೂ ತರಲಿಲ್ಲ, ಇದು, ಅದು, ಎಂದು ಬೆರಳು ತೋರಿಸಿ ಎದ್ದರು. ಶಾಲೆಯಿಂದ ಬಂದ ಅಮ್ಮ ಹಣೆ ಚಚ್ಚಿಕೊಂಡರು.

"ಇದೆಂತ ಪರೀಕ್ಷೆ ಮಾರಾಯ್ರೆ? ಒಂದಕ್ಕೆ ಹೊಗೆ ಹಿಡಿದಿದೆ, ಒಂದಕ್ಕಿಲ್ಲ. ಒಂದು ಪಾತ್ರೆ ಮಸಿ, ಒಂದು ಸ್ಟೀಲು. ಒಂದಕ್ಕೆ ಬೆಲ್ಲ, ಒಂದಕ್ಕೆ ಸಕ್ಕರೆ. ಅತ್ತೆಗೆ ಯಾವುದರಿಂದ ಗೊತ್ತಾಯ್ತು ಅಂತ ಹೇಗೆ ಹೇಳುದು?"

ಆಮೇಲೆ ಅವರು ಕ್ಲಾಸಿನ ಸ್ವರಕ್ಕೆ ಹೋದರು. ಆ ಸ್ವರ ನನಗೆ ಬಾಯಿಪಾಠ, ಅವರ ಜೊತೆಗೇ ಹೇಳಿದೆ: ಒಂದನ್ನು ಮಾತ್ರ ಬದಲಿಸಿ, ಒಂದನ್ನು ಅಳೆಯಿರಿ, ಉಳಿದದ್ದನ್ನೆಲ್ಲ ಅಲ್ಲಾಡದ ಹಾಗೆ ಹಿಡಿಯಿರಿ. ಜಗಳ ಇದ್ದದ್ದು ಕಟ್ಟಿಗೆಗೂ ಗ್ಯಾಸಿಗೂ ಅಲ್ಲ. ಬರೀ ಸೆಗಣಿಯ ಗ್ಯಾಸನ್ನು ಅಜ್ಜಿ ಇಷ್ಟು ವರ್ಷ ಒಪ್ಪಿಯೇ ಇದ್ದರು. ಹಾಗಾದರೆ ಹೋಲಿಸಬೇಕಾದ್ದು ಬರೀ ಸೆಗಣಿಯ ಗ್ಯಾಸನ್ನು, ಸೆಗಣಿಯ ಜೊತೆ ನಾವೂ ಸೇರಿದ ಗ್ಯಾಸಿಗೆ. ಬರೀ ಸೆಗಣಿಯದ್ದು ಲೂಸಿ ಚೇಚಿಯ ಮನೆಯಲ್ಲಿತ್ತು. ಹಾಲು, ಸಕ್ಕರೆ, ಚಾಪುಡಿ, ಪಾತ್ರೆ ಎಲ್ಲ ನಮ್ಮದೇ ಹಿಡಿದು ಬೇಲಿ ದಾಟಿ ಹೋದೆ.

"ನಿಮ್ಮ ಗ್ಯಾಸಿಗೆ ಎಂತಾಯ್ತು ಮೋನೇ?"

"ನಮ್ಮ ಗ್ಯಾಸಿಗೆ ನಾವೂ ಸೇರಿದ್ದೇವೆ ಚೇಚಿ, ಅದಕ್ಕೆ ಅಜ್ಜಿಗೆ ಆಗುದಿಲ್ಲ."

ಚೇಚಿ ಏಸುವನ್ನು ಕರೆದು ಒಲೆ ಬಿಟ್ಟುಕೊಟ್ಟರು. ಅಲ್ಲಿ ಕುದಿಸಿದ ಚಾ ಒಂದು ಫ್ಲಾಸ್ಕಿನಲ್ಲಿ, ಇಲ್ಲಿಯದ್ದು ಅದೇ ಕಂಪೆನಿಯ ಇನ್ನೊಂದರಲ್ಲಿ. ಬಿಸಿ ಒಂದೇ ಇರಲಿ ಎಂದು ಅಮ್ಮ ಎರಡನ್ನೂ ಸಮ ಹೊತ್ತು ಫ್ಲಾಸ್ಕಿನಲ್ಲೇ ಇಟ್ಟು, ಒಂದೇ ತರದ ಲೋಟಕ್ಕೆ ಬಗ್ಗಿಸಿದರು. ಜಗಲಿಯಲ್ಲಿ ಕೂತ ಅಜ್ಜಿ ನನ್ನ ಕೈಯಿಂದ ಮಾತ್ರ ತೆಗೆದುಕೊಳ್ಳುವವರು. ಮಗ, ಸೊಸೆ ಇಬ್ಬರೂ ವಿರೋಧ ಪಕ್ಷ. ನಾನು ಒಂದೊಂದೇ ಲೋಟ ಒಯ್ದು ಕೊಟ್ಟೆ. ಅಜ್ಜಿ ಒಂದು ಗುಟುಕು ಕುಡಿದು ಹೇಳಿದರು. ಸರಿ. ಮತ್ತೆ ಕೊಟ್ಟೆ. ಸರಿ. ಅಮ್ಮ ಫ್ಲಾಸ್ಕು ಅದಲುಬದಲು ಮಾಡಿದರು, ಮರುದಿನ ಹೊಸ ಪುಡಿಯಲ್ಲಿ ಮಾಡಿದರು, ಒಂದೇ ಚಾವನ್ನು ಸಾಲಾಗಿ ಕೊಟ್ಟು ನೋಡಿದರು. ಅಜ್ಜಿ ಒಂದು ಸಲವೂ ತಪ್ಪಲಿಲ್ಲ. ನಮ್ಮ ಬೆಂಕಿಯದ್ದು ಬಂದಾಗ ಅವರಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು ಬರುತ್ತಿತ್ತು. ಅದು ನಾಟಕವಲ್ಲ. ನಾಟಕವಾಗಿದ್ದರೆ ನನಗೆ ಗೊತ್ತಾಗುತ್ತಿತ್ತು.

ಅಮ್ಮ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಲೋಟಕ್ಕೆ ಮೂಗು ಹಾಕಿ ಉಸಿರೆಳೆಯುವುದನ್ನು ನೋಡಿದೆ. ಮತ್ತೆ ಅನ್ನದ ಪಾತ್ರೆ. ಮತ್ತೆ ತಮ್ಮದೇ ಸೆರಗು. ಪಾಠದಲ್ಲಿ ಇರುವುದು ಸುಳ್ಳಾದರೆ ಟೀಚರಿಗೆ ಹೀಗಾಗುತ್ತದೆ ಎಂದು ಆಗ ತಿಳಿಯಿತು. ಅಪ್ಪ ಪಿಕಪ್ಪಿನ ಸೀಟಿನಡಿಯಿಂದ ಗರಗಸ ತಂದರು.

"ಮಾತು ಅಂದರೆ ಮಾತು. ಕಡೀತೇನೆ."

"ನಿಲ್ಲಿ," ಎಂದರು ಅಮ್ಮ. "ಒಂದನ್ನು ಹಿಡಿಯಲಿಕ್ಕೆ ಬಾಕಿ ಉಂಟು."

"ಎಲ್ಲ ಒಂದೇ ಮಾಡಿ ಆಯ್ತಲ್ಲ? ಇನ್ನೆಂತ ಬಾಕಿ?"

"ಇವನು."

ಅಪ್ಪ ಒಡೆದ ಸೈಡ್ ಕನ್ನಡಿಯೊಂದನ್ನು ಬಿಸಾಡದೆ ಇಟ್ಟಿದ್ದರು. ಅಮ್ಮ ಅದನ್ನು ನನ್ನ ಎದುರು ಹಿಡಿದು, ಈ ಲೋಟ ಲೂಸಿ ಚೇಚಿಯ ಮನೆಯದ್ದು, ಅಜ್ಜಿಗೆ ಕೊಡುವ ಹಾಗೆ ಕೊಡು ಎಂದರು. ಕನ್ನಡಿಯಲ್ಲಿ ಒಬ್ಬ ಹುಡುಗ ಲೋಟ ಹಿಡಿದಿದ್ದ. ಈಗ ಇದು ನಮ್ಮದು ಎಂದರು. ಲೋಟ ಬದಲಾಗಿರಲಿಲ್ಲ, ಅದೇ ಲೋಟ. ಕನ್ನಡಿಯಲ್ಲಿ ಮೂಗಿನ ಎರಡೂ ಕಡೆ ಸುಕ್ಕು ಬಿದ್ದು, ಕೆಳತುಟಿ ಮುಂದೆ ಬಂದು, ಗದ್ದ ಒಳಗೆ ಹೋಗಿ, ಥೇಟ್ ಅಜ್ಜಿ! ಅಜ್ಜಿ ಮಾಡಲಿರುವ ಮೋರೆಯನ್ನು ನಾನು ಅವರಿಗಿಂತ ಮೊದಲೇ ಮಾಡಿ ಲೋಟದ ಜೊತೆ ಕೊಡುತ್ತಿದ್ದೆ. ಅಷ್ಟು ಮೋರೆಗಳನ್ನು ಕದ್ದವನಿಗೆ ತನ್ನದು ಏನು ಮಾಡುತ್ತಿದೆ ಎಂದು ಗೊತ್ತಿರಲಿಲ್ಲ. ಕನ್ನಡಿಗೆ ಬೆನ್ನು ಹಾಕಿ ಓಡಿದೆ. ಓಡುವಾಗಲೂ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಈಗ ಯಾರು ಇದ್ದಾರೆ ಎಂದು.

ಮರುದಿನ ನನ್ನನ್ನು ಪಿಕಪ್ಪಿನೊಳಗೆ ಕೂರಿಸಿ ಬಾಗಿಲು ಹಾಕಿದರು. ಅಲ್ಲಿಂದ ಜಗಲಿ ಕಾಣುತ್ತಿತ್ತು. ಅಜ್ಜಿ ಗೊಣಗುತ್ತಲೇ ಒಪ್ಪಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಅಮ್ಮ ಒಳಗೆ ಬಗ್ಗಿಸಿ ಬಾಗಿಲ ಹೊರಗಿಟ್ಟು ಮರೆಗೆ ಹೋಗುವುದು, ಯಾವುದು ಯಾವುದೆಂದು ತಿಳಿಯದ ಅಪ್ಪ ತೆಗೆದು ಅಜ್ಜಿಯ ಕೈಗೆ ಕೊಡುವುದು. ಅಜ್ಜಿ ಒಂದನ್ನು ಕುಡಿದರು. ಇನ್ನೊಂದನ್ನು ಕುಡಿದರು. ಮೊದಲಿನದ್ದನ್ನು ಮತ್ತೆ ಕೇಳಿ ಮೂಸಿದರು. ಒಂದು ಬಸ್ಸು ತಿರುವು ಹತ್ತಿ, ಗೇರು ಬದಲಿಸಿ, ಇಳಿದುಹೋಯಿತು.

"ಗೊತ್ತಾಗುದಿಲ್ಲ."

ಅಪ್ಪ ಬಾಯಿ ತೆರೆದರು. ಅಮ್ಮ ಕಣ್ಣಲ್ಲೇ ಮುಚ್ಚಿಸಿದರು.

"ಆದರೆ ಮೊನ್ನೆ ವಾಸನೆ ಬಂದದ್ದು ಸುಳ್ಳಲ್ಲ ಸುಮತಿ. ದೇವರಾಣೆ ಬಂದಿತ್ತು."

"ಗೊತ್ತುಂಟು ಅತ್ತೆ. ಬಂದಿರ್ತದೆ."

ಅಲ್ಲಿಗೆ ಮುಗಿಯಬೇಕಿತ್ತು. ಅಜ್ಜಿ ಎದ್ದು ಸೆರಗು ಕೊಡವಿದರು.

"ಸೋತದ್ದು ನನ್ನ ಮೂಗು. ಬಡಿಸುದು ನನಗಲ್ಲ, ಅವರಿಗೆ. ನಿಮ್ಮ ಬೆಂಕಿಯಲ್ಲೇ ಬೇಯಿಸಿ ಇಡ್ತೇನೆ, ಮಾತು ತಪ್ಪುದಿಲ್ಲ. ಅವರು ಉಂಡರೆ ಇಲ್ಲಿರ್ತೇನೆ. ಉಣ್ಣದಿದ್ದರೆ ಮರುದಿನದ ಬಸ್ಸಿಗೆ ಕೊಲ್ಲಮೊಗ್ರು."

ಉಂಡದ್ದು ಹೇಗೆ ತಿಳಿಯುವುದು ಎಂದು ಯಾರೂ ಕೇಳಲಿಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ಕ್ರಮ ಇತ್ತು. ಒಳಕೋಣೆಯಲ್ಲಿ ಬಡಿಸಿ, ಬಾಗಿಲು ಹಾಕಿ, ಎಲ್ಲರೂ ಹೊರಗೆ ಕಾಯುವುದು. ಹೊತ್ತು ಕಳೆದು ಒಬ್ಬರು ಬಾಗಿಲು ತೆರೆದು, ಎಲೆ ನೋಡಿ ಬಂದು "ಉಂಡಿದ್ದಾರೆ" ಎನ್ನುವುದು. ಪ್ರತಿ ವರ್ಷ ತೆರೆಯುತ್ತಿದ್ದದ್ದು ಅಪ್ಪ, ಪ್ರತಿ ವರ್ಷ ಅಜ್ಜ ಉಣ್ಣುತ್ತಿದ್ದರು.

ಆ ದಿನ ಅಜ್ಜಿ ಗ್ಯಾಸಿನ ಒಲೆಯನ್ನು ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗೆ ಮುಟ್ಟಿದರು. ಊರುಕೋಳಿ ಬೇಯಲು ಬಹಳ ಹೊತ್ತು ಬೇಕು. ಬೆಂಕಿ ಒಮ್ಮೆಯೂ ತಗ್ಗಲಿಲ್ಲ. ಅಮ್ಮನ ಉಸಿರು ಸಲೀಸಾಗಿತ್ತು, ಅದನ್ನು ಅಜ್ಜಿಯೂ ಆಗಾಗ ತಿರುಗಿ ನೋಡುತ್ತಿದ್ದರು. ಬಡಿಸಿ ಬಾಗಿಲು ಹಾಕಿದ ಮೇಲೆ ನಾವೆಲ್ಲ ಜಗಲಿಗೆ ಬಂದೆವು. ಅಪ್ಪ ಕೀಲಿಕೈ ತಿರುಗಿಸುತ್ತಿದ್ದರು, ಅಮ್ಮ ಮಡಚಿದ ಬಟ್ಟೆಯನ್ನೇ ಬಿಡಿಸಿ ಮಡಚುತ್ತಿದ್ದರು, ನಾನು ಒಂಟಿಕಾಲಲ್ಲಿ ಅಂಗಳ ಸುತ್ತುತ್ತಿದ್ದೆ. ಹೊತ್ತಾಯಿತು ಎಂದು ಅಪ್ಪ ಎದ್ದರು.

"ನೀನು ಕೂತ್ಕೋ," ಎಂದರು ಅಜ್ಜಿ. "ನಿಂಗೆ ಪೈಪು ಉಳೀಬೇಕು, ಉಂಡಿದ್ದಾರೆ ಅಂತಲೇ ಹೇಳ್ತಿ. ಸುಮತಿಗೂ ಉಳೀಬೇಕು. ನಂಗೆ ಉಳೀಬಾರದು. ಈ ಮಂಗ ನೋಡಿ ಬರಲಿ. ಅವನಿಗೆ ಕೋಳಿಕಾಲು ಸಿಕ್ಕಿದರೆ ಸಾಕು."

"ಅವನು ನಿಮ್ಮ ಮೋರೆ ನೋಡಿ ಅದನ್ನೇ ಹೇಳ್ತಾನೆ ಅತ್ತೆ," ಎಂದರು ಅಮ್ಮ. ಆ ಮಾತಿನಿಂದ ಅವರಿಗೇ ನಷ್ಟವೋ ಲಾಭವೋ ನನಗೆ ಇಂದಿಗೂ ಗೊತ್ತಿಲ್ಲ.

ಅಜ್ಜಿ ಸ್ವಲ್ಪ ಯೋಚಿಸಿದರು. ಆಮೇಲೆ ಕೂತಿದ್ದ ಮಣೆಯನ್ನು ಎಳೆದು ಗೋಡೆಗೆ ಮುಖ ಮಾಡಿ ಕೂತರು.

"ಹೋಗು."

ಒಳಗೆ ದೀಪ ಇತ್ತು, ಎಲೆ ಇತ್ತು. ಸಾರಿನ ಮೇಲೆ ಎಣ್ಣೆ ಕೆನೆ ಕಟ್ಟಿತ್ತು. ರೊಟ್ಟಿಯ ಒಂದು ತುಂಡು ಎಲೆಯಿಂದ ಅರ್ಧ ಹೊರಗೆ ಜಾರಿತ್ತು. ಗೋಡೆಯಲ್ಲಿ ಅಜ್ಜನ ಫೋಟೋ. ಸ್ಟುಡಿಯೋದವನು ಉಸಿರಾಡಬೇಡಿ ಎಂದಾಗ ತೆಗೆದದ್ದಿರಬೇಕು, ಆ ಮೋರೆಯಿಂದ ಕದಿಯಲು ಏನೂ ಇರಲಿಲ್ಲ. ನೋಡಿದೆ, ನೋಡಿದೆ. ಕೋಳಿಯ ವಾಸನೆಗೆ ಹೊಟ್ಟೆ ಕೂಗಿತು. ಹೊರಗೆ ಬಂದೆ. ಅಪ್ಪ ಹುಬ್ಬು ಹಾರಿಸಿ ಹೇಳು, ಹೇಳು ಎನ್ನುತ್ತಿದ್ದರು. ಅಮ್ಮ ನೆಲ ನೋಡುತ್ತಿದ್ದರು. ಅಜ್ಜಿಯದ್ದು ಬೆನ್ನು ಮಾತ್ರ, ಅದರ ಮೇಲೆ ಸಣ್ಣ ಬಿಳಿ ತುರುಬು. "ಉಂಡಿದ್ದಾರೆ" ಎಂಬ ಅಪ್ಪನ ದಪ್ಪ ಸ್ವರ ನನ್ನ ಗಂಟಲಿನವರೆಗೆ ಬಂದಿತ್ತು, ಪ್ರತಿ ವರ್ಷ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಹೊರಗೆ ಬಂದದ್ದು ಬೇರೆ, ತೆಳ್ಳಗಿನ, ಒಡೆದ ಒಂದು ಸ್ವರ. ಅದು ಯಾರದ್ದೆಂದು ನಾನೇ ಒಂದು ಕ್ಷಣ ಹುಡುಕಿದೆ.

"ನಂಗೆ ಗೊತ್ತಾಗುದಿಲ್ಲ ಅಜ್ಜಿ. ರೊಟ್ಟಿ ಸ್ವಲ್ಪ ಜಾರಿದೆ. ಮೊದಲೇ ಹಾಗೆ ಇತ್ತೋ ಏನೋ."

ಅಪ್ಪನ ಕೀಲಿಕೈ ನಿಂತಿತು. ಅಜ್ಜಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ನಾನು ಹತ್ತಿರ ಹೋದೆ, ನೋಡಿದರೆ ನಗು.

"ಅವರಿಗೆ ಬದುಕಿರುವಾಗಲೂ ಗೊತ್ತಾಗ್ತಿರಲಿಲ್ಲ ಮಗಾ. ಉಪ್ಪು ಹಾಕದೆ ಕೊಟ್ಟರೂ ಒಳ್ಳೆದುಂಟು ಅಂತ ತಿಂದು ಏಳುವ ಜನ. ನಂಗೇ ಗೊತ್ತಾಗದ್ದು ಅವರಿಗೆ ಎಲ್ಲಿಂದ ಗೊತ್ತಾಗ್ಬೇಕು?" ಅವರು ಮಣೆಯನ್ನು ನಮ್ಮ ಕಡೆಗೆ ತಿರುಗಿಸಿದರು. "ಎಂತ ನೋಡ್ತಿ ಸುಮತಿ? ಸಾರು ಆರಿದೆ. ಬಿಸಿ ಮಾಡು, ಎಲೆ ಹಾಕು."

ಅಮ್ಮ ಒಳಗೆ ಓಡಿದರು. ಗ್ಯಾಸ್ ಹತ್ತಿದ 'ಭುಸ್' ಸದ್ದು ಜಗಲಿಯವರೆಗೂ ಕೇಳಿಸಿತು.